ಗಾಜಿನ ತೊಟ್ಟಿಯಲ್ಲಿ ಕೆಂಪು ರೊಟಾಲಾ: ಗಡಸು ನೀರಿನ ಸೀಮೆಯಲ್ಲಿ ಬೆಳೆಸುವ ಬಗೆ

ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡು, ಎಡದಂಡೆ ಕಾಲುವೆಯಲ್ಲಿ ಕೃಷ್ಣೆಯ ನೀರು ಹರಿಯತೊಡಗಿದ ಮೇಲೆ ಸುರಪುರ, ಶಹಾಪುರ ತಾಲ್ಲೂಕುಗಳ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಯ ಜೊತೆಗೆ ಗದ್ದೆಯ ಕಳೆಗಳೂ ಬಂದವು. ಕಾಂಡಕ್ಕೆ ಕೆಂಪು ಛಾಯೆ, ಎದುರುಬದುರಾಗಿ ಸಣ್ಣ ಎಲೆ, ಗೆಣ್ಣು ಗೆಣ್ಣಿಗೆ ಗುಂಪುಗೂಡಿದ ಪುಟ್ಟ ಕಾಯಿ ಇರುವ ಅಮ್ಮಾನಿಯಾ ಎಂಬ ಕಳೆಯನ್ನು ಭತ್ತ ಬೆಳೆಯುವವರು ಕಿತ್ತು ಬದುವಿಗೆ ಎಸೆಯುತ್ತಾರೆ. ಅದರ ದಾಯಾದಿ ಗಿಡವೊಂದನ್ನು ಪಟ್ಟಣದ ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ. ಅದೇ ಕೆಂಪು ರೊಟಾಲಾ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ರೊಟಾಲಾ ಮ್ಯಾಕ್ರಾಂಡ್ರಾ ಎಂದು ಹೆಸರು.

ಗಾಜಿನ ತೊಟ್ಟಿಯಲ್ಲಿ ನೀರಿನ ಗಿಡಗಳನ್ನು ಬೆಳೆಸುವ ಹವ್ಯಾಸ ಈಗ ಹಳ್ಳಿಗಳಿಗೂ ಬಂದಿದೆ. ಕೆಲವು ಯುವಕರು ಇದನ್ನು ಉಪಕಸುಬಾಗಿ ಮಾಡಬಹುದೇ ಎಂದು ಕೇಳುತ್ತಾರೆ. ಆದರೆ ಈ ಗಿಡ ಬಲು ನಾಜೂಕು. ತಂದು ನೆಟ್ಟ ಹದಿನೈದು ದಿನಗಳಲ್ಲಿ ಎಲೆ ಕರಗಿ, ಬರಿಯ ಕಡ್ಡಿ ಉಳಿಯುವುದು ಸಾಮಾನ್ಯ. ಆಗ ಬೆಳೆಸಿದವರು ಗೊಬ್ಬರದ ಬಾಟಲಿ ಕೊಳ್ಳುತ್ತಾರೆ, ಇನ್ನೂ ಪ್ರಖರ ದೀಪ ಕೊಳ್ಳುತ್ತಾರೆ. ಕೈಯ ಹಣ ಹೋಗುತ್ತದೆ, ಗಿಡವೂ ಹೋಗುತ್ತದೆ. ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಇದಕ್ಕೆ ಮೊದಲ ಕಾರಣ ನೀರಿನಲ್ಲಿರುವ ಸುಣ್ಣ. ಎರಡನೆಯದು ಬೇಸಿಗೆಯ ಕಾವು. ಇವೆರಡನ್ನು ಸರಿಪಡಿಸಿಕೊಂಡ ಮೇಲೆ ಮಾಡುವ ಖರ್ಚು ಮಾತ್ರ ಫಲ ಕೊಡುತ್ತದೆ. ಈ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಗಿಡದ ಪರಿಚಯ

ರೊಟಾಲಾ ಮ್ಯಾಕ್ರಾಂಡ್ರಾ ನಮ್ಮ ದೇಶದ್ದೇ ಗಿಡ. ದಕ್ಷಿಣ ಭಾರತದ ಪಡುವಣ ಭಾಗದ ಜೌಗು ನೆಲ, ನೀರು ನಿಲ್ಲುವ ತಗ್ಗುಗಳು ಇದರ ಮೂಲ ನೆಲೆ. ನಮಗೆ ಪರಿಚಿತವಾದ ದಾಳಿಂಬೆ, ಮದರಂಗಿ ಮತ್ತು ಹೊಳೆದಾಸವಾಳ ಇದರ ಕುಟುಂಬದವು. ಕಾಂಡ ಮೃದು, ಹಿಸುಕಿದರೆ ನಜ್ಜಾಗುತ್ತದೆ. ಎಲೆ ತೆಳು, ಅಂಡಾಕಾರ, ಅಂಚು ಅಲೆಯಲೆಯಾಗಿರುತ್ತದೆ.

ಈ ಗಿಡಕ್ಕೆ ಎರಡು ಬಾಳು. ನೀರಿನಾಚೆ ಹಸಿ ಮಣ್ಣಿನಲ್ಲಿ ಬೆಳೆದಾಗ ಎಲೆ ಚಿಕ್ಕದಾಗಿ, ದಪ್ಪವಾಗಿ, ಹೆಚ್ಚಾಗಿ ಹಸಿರಾಗಿರುತ್ತದೆ. ನೀರಿನೊಳಗೆ ಬೆಳೆದಾಗ ಎಲೆ ಅಗಲವಾಗಿ, ತೆಳುವಾಗಿ, ಗುಲಾಬಿಯಿಂದ ಕಡುಗೆಂಪಿನವರೆಗೆ ಬಣ್ಣ ತಳೆಯುತ್ತದೆ. ಸಸ್ಯಕ್ಷೇತ್ರಗಳಲ್ಲಿ ನೀರಿನ ಗಿಡಗಳನ್ನು ಬಹುತೇಕ ನೀರಿನಾಚೆಯೇ ಬೆಳೆಸುತ್ತಾರೆ. ಆದುದರಿಂದ ಕೊಂಡು ತಂದ ಗಿಡ ಹಸಿರಾಗಿದ್ದರೆ ಮೋಸವಾಯಿತೆಂದು ತಿಳಿಯಬೇಕಾಗಿಲ್ಲ. ನೀರಿಗಿಳಿದ ಮೇಲೆ ಹಳೆಯ ಎಲೆಗಳು ಕರಗುವುದು ಸಹಜ. ತುದಿಯ ಕುಡಿ ಹೊಸ ಎಲೆ ಬಿಡುತ್ತಿದೆಯೇ ಎಂಬುದನ್ನು ಮಾತ್ರ ಗಮನಿಸಬೇಕು.

ನೀರು: ಮೊದಲು ಇದನ್ನು ಗೆಲ್ಲಬೇಕು

ನಮ್ಮ ಭಾಗದ ಕೊಳವೆ ಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕೂಡುವುದನ್ನು ಎಲ್ಲರೂ ನೋಡಿದ್ದಾರೆ. ಅದು ನೀರಿನ ಬೈಕಾರ್ಬೋನೇಟ್ ಸುಣ್ಣ. ಕುಡಿಯುವ ನೀರಿಗೆ ಭಾರತೀಯ ಮಾನಕವು ಲೀಟರಿಗೆ 200 ಮಿ.ಗ್ರಾಂ. ಗಡಸುತನವನ್ನು ಒಪ್ಪಿದೆ, ಬೇರೆ ನೀರು ಇಲ್ಲದಾಗ 600 ಮಿ.ಗ್ರಾಂ.ವರೆಗೂ ಸಹಿಸಬಹುದೆಂದು ಹೇಳಿದೆ. ಮನುಷ್ಯರಿಗೆ ನಡೆಯುವ ಈ ಮಟ್ಟ ಕೆಂಪು ರೊಟಾಲಾಕ್ಕೆ ನಡೆಯದು. ಅದಕ್ಕೆ 100 ಮಿ.ಗ್ರಾಂ.ಗಿಂತ ಕಡಿಮೆ, ಸಾಧ್ಯವಾದರೆ 50ರ ಆಸುಪಾಸಿನ ಕಾರ್ಬೋನೇಟ್ ಗಡಸುತನ ಬೇಕು. ರಸಸಾರ 6ರಿಂದ 7ರೊಳಗಿರಬೇಕು.

ಕಾಲುವೆಯಲ್ಲಿ ಹೈಡ್ರಿಲ್ಲಾ ಜೊಂಪೆ ಜೊಂಪೆಯಾಗಿ ಬೆಳೆಯುವಾಗ ಇದೇಕೆ ಬೆಳೆಯದು ಎಂಬ ಪ್ರಶ್ನೆ ಬರಬಹುದು. ಹೈಡ್ರಿಲ್ಲಾ ನೀರಿನ ಬೈಕಾರ್ಬೋನೇಟಿನಿಂದಲೇ ತನಗೆ ಬೇಕಾದ ಇಂಗಾಲವನ್ನು ಹೀರಬಲ್ಲದು. ಮೆದು ನೀರಿನ ಗಿಡಗಳಿಗೆ ಆ ಶಕ್ತಿ ಇಲ್ಲ. ಅವು ಕರಗಿದ ಇಂಗಾಲದ ಡೈಆಕ್ಸೈಡನ್ನೇ ನಂಬಿವೆ. ಇದಲ್ಲದೆ ಸುಣ್ಣದ ನೀರಿನಲ್ಲಿ ರಸಸಾರ ಏರಿ, ಕಬ್ಬಿಣ ಗಿಡಕ್ಕೆ ಸಿಗದ ರೂಪಕ್ಕೆ ತಿರುಗುತ್ತದೆ. ಸುಣ್ಣ ಹೆಚ್ಚಿರುವ ಎರೆ ಭೂಮಿಯಲ್ಲಿ ಶೇಂಗಾದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುವುದನ್ನು ರೈತರು ಬಲ್ಲರು. ಮಣ್ಣಿನಲ್ಲಿ ಕಬ್ಬಿಣ ಇದ್ದೂ ಬೆಳೆಗೆ ಸಿಗುವುದಿಲ್ಲ. ತೊಟ್ಟಿಯಲ್ಲಿ ಆಗುವುದೂ ಅದೇ.

ಪರಿಹಾರ ನಮ್ಮ ಮಾಳಿಗೆಯ ಮೇಲೆಯೇ ಇದೆ. ಮಳೆ ನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ಕೊಳವೆ ಬಾವಿಯ ನೀರಿನ ಗಡಸುತನ 400 ಮಿ.ಗ್ರಾಂ. ಇದ್ದರೆ, ಅದರ 1 ಪಾಲಿಗೆ ಮಳೆ ನೀರು 3 ಪಾಲು ಬೆರೆಸಿದಾಗ 100 ಮಿ.ಗ್ರಾಂ.ಗೆ ಇಳಿಯುತ್ತದೆ. 600 ಇದ್ದರೆ 5 ಪಾಲು ಬೆರೆಸಬೇಕು. ಬರಿಯ ಮಳೆ ನೀರನ್ನೇ ತುಂಬುವುದೂ ಸರಿಯಲ್ಲ. ಗಿಡಕ್ಕೆ ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕು. ಆ ಒಂದು ಪಾಲು ಬಾವಿಯ ನೀರು ಅದನ್ನು ಒದಗಿಸುತ್ತದೆ. ಬೆರೆಸುವ ಮೊದಲು ಬಾವಿಯ ನೀರನ್ನು ಸಮೀಪದ ಮಣ್ಣು ಮತ್ತು ನೀರು ಪರೀಕ್ಷಾ ಕೇಂದ್ರದಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಮಾಳಿಗೆ ತೊಳೆದ ಮೇಲೆ ಬೀಳುವ ನೀರನ್ನು ಹಿಡಿಯಬೇಕು. ಮಣ್ಣಿನ ಮೇಲ್ಮುದ್ದೆಯ ಅಥವಾ ಸುಣ್ಣ ಬಳಿದ ಮಾಳಿಗೆಗಿಂತ ತಗಡಿನ ಮಾಡು ಉತ್ತಮ. 10 ಚದರ ಮೀಟರ್ ತಗಡಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ, ನಷ್ಟ ಕಳೆದು ಸುಮಾರು 80 ಲೀಟರ್ ಸಿಗುತ್ತದೆ. ಎರಡು ಅಡಿಯ ಒಂದು ತೊಟ್ಟಿಗೆ ವರ್ಷಕ್ಕೆ ಸುಮಾರು 1,000 ಲೀಟರ್ ಮಳೆ ನೀರು ಸಾಕು. ಮುಚ್ಚಳವಿರುವ, ಬೆಳಕು ತೂರದ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಅದನ್ನು ಕಾಯ್ದಿಡಬಹುದು. ಊರಿನ ಶುದ್ಧ ನೀರಿನ ಘಟಕದ ನೀರಿನಲ್ಲಿಯೂ ಲವಣ ಕಡಿಮೆ ಇರುವುದರಿಂದ ಅದನ್ನು ಬಳಸಬಹುದು. ಆದರೆ ಬೇಸಿಗೆಯಲ್ಲಿ ಜನ ಕೊಡ ಹಿಡಿದು ಸಾಲು ನಿಂತಿರುವಾಗ ತೊಟ್ಟಿಗೆಂದು ಒಯ್ಯುವುದು ತರವಲ್ಲ. ಗದ್ದೆಯ ಬಸಿಗಾಲುವೆಯ ನೀರನ್ನಂತೂ ಮುಟ್ಟಬಾರದು; ಅದರಲ್ಲಿ ಕಳೆನಾಶಕ, ಯೂರಿಯಾ ಕರಗಿರುವ ಸಂಭವ ಹೆಚ್ಚು.

ಆವಿಯಾದ ನೀರನ್ನು ತುಂಬುವಾಗ ಒಂದು ಎಚ್ಚರ ಬೇಕು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ದಿನಕ್ಕೆ 1 ಸೆಂ.ಮೀ. ನೀರು ತಗ್ಗಿದರೆ 1.8 ಲೀಟರ್ ಆವಿಯಾಯಿತೆಂದು ಲೆಕ್ಕ. ತಿಂಗಳಿಗೆ 54 ಲೀಟರ್, ಅಂದರೆ ಒಂದು ತೊಟ್ಟಿಗೂ ಮೀರಿದ ನೀರು! ಅದನ್ನು ಬಾವಿಯ ನೀರಿನಿಂದ ತುಂಬುತ್ತ ಹೋದರೆ ನೀರು ಹಾರಿ, ಸುಣ್ಣ ಒಳಗೇ ಉಳಿಯುತ್ತದೆ. ನೀರು ಹೆಚ್ಚು ಕಟ್ಟಿದ ಹೊಲ ಸವಳಾಗುವ ರೀತಿಯೇ ಇದು. ಆದುದರಿಂದ ಆವಿಯಾದ ಅಂಶವನ್ನು ಯಾವಾಗಲೂ ಮಳೆ ನೀರಿನಿಂದಲೇ ತುಂಬಬೇಕು.

ತೊಟ್ಟಿ ಮತ್ತು ತಳದ ಮಣ್ಣು

ಆರಂಭಕ್ಕೆ 60×30×36 ಸೆಂ.ಮೀ. ಅಳತೆಯ ತೊಟ್ಟಿ ಸಾಕು. ಮಣ್ಣು, ಮರಳು ಹೋಗಿ 45ರಿಂದ 50 ಲೀಟರ್ ನೀರು ಹಿಡಿಯುತ್ತದೆ. ಎಲ್ಲ ಸೇರಿ 80 ಕಿಲೋ ಮೀರಬಹುದಾದ್ದರಿಂದ ಗಟ್ಟಿ ಮೇಜು ಅಥವಾ ಕಲ್ಲಿನ ಕಟ್ಟೆಯ ಮೇಲೆ, ನೇರ ಬಿಸಿಲು ಬೀಳದ ತಂಪು ಗೋಡೆಯ ಬದಿಗೆ ಇಡಬೇಕು.

ತಳಕ್ಕೆ ಎರೆ ಮಣ್ಣು ಬೇಡ. ಅದರಲ್ಲಿ ಸುಣ್ಣದ ಹರಳುಗಳಿರುತ್ತವೆ, ನೀರನ್ನೂ ಕದಡುತ್ತದೆ. ಗೊಬ್ಬರ ಬೀಳದ ಜಾಗದ ಮಸಾರಿ ಮಣ್ಣನ್ನು ಜರಡಿ ಹಿಡಿದು, ನಾಲ್ಕಾರು ದಿನ ನೀರಿನಲ್ಲಿ ನೆನೆಸಿ, ತೇಲಿದ ಕಸ ಬಸಿದು, 3 ಸೆಂ.ಮೀ. ದಪ್ಪ ಹರಡಬೇಕು. ಅದರ ಮೇಲೆ ಚೆನ್ನಾಗಿ ತೊಳೆದ ದಪ್ಪ ಮರಳನ್ನು 4 ಸೆಂ.ಮೀ. ಹಾಕಬೇಕು. ತಿಪ್ಪೆಗೊಬ್ಬರ ಸೇರಿದ ಮಣ್ಣು ಹಾಕಿದರೆ ನೀರು ಕೊಳೆತು ನಾರುತ್ತದೆ.

ಮರಳಿನ ವಿಷಯದಲ್ಲಿ ನಮ್ಮ ಭಾಗದವರು ವಿಶೇಷ ಜಾಗ್ರತೆ ವಹಿಸಬೇಕು. ಭೀಮಾ ತೀರದ ಸೀಮೆಯಲ್ಲಿ ಸುಣ್ಣಕಲ್ಲಿನ ಪದರಗಳಿವೆ. ಮನೆಗೆ ಹಾಸುವ ಶಹಾಬಾದ ಕಲ್ಲು ಇದೇ ಜಾತಿಯದು. ಸ್ವಲ್ಪ ಒಣ ಮರಳಿನ ಮೇಲೆ ನಿಂಬೆ ರಸ ಅಥವಾ ವಿನೆಗರ್ ಹನಿಸಿ ನೋಡಬೇಕು. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ತೊಟ್ಟಿಗೆ ಬೇಡ. ಅಲಂಕಾರಕ್ಕೆಂದು ಶಹಾಬಾದ ಕಲ್ಲಿನ ತುಂಡು, ಕಪ್ಪೆಚಿಪ್ಪು, ಶಂಖ ಇಡಬಾರದು. ಶಹಾಪುರದ ಬೆಟ್ಟಗಳಲ್ಲಿರುವಂಥ ಗ್ರಾನೈಟ್ ಕಲ್ಲಿನಿಂದ ತೊಂದರೆಯಿಲ್ಲ.

ಬೆಳಕು

ಬೆಳಕು ಸಾಲದಾದರೆ ಕೆಂಪು ಗಿಡ ಕಂದು ಹಸಿರಾಗುತ್ತದೆ, ಕೆಳಗಿನ ಎಲೆ ಉದುರುತ್ತದೆ. ಲೀಟರಿಗೆ ಸುಮಾರು 40 ಲ್ಯೂಮೆನ್ ಬೆಳಕು ಬೇಕು. 50 ಲೀಟರಿಗೆ 2,000 ಲ್ಯೂಮೆನ್ ಆಯಿತು. ಒಳ್ಳೆಯ 20 ವ್ಯಾಟಿನ ಬಿಳಿ ಎಲ್.ಇ.ಡಿ. ಪಟ್ಟಿ ಇಷ್ಟನ್ನು ಕೊಡುತ್ತದೆ. ದಿನಕ್ಕೆ 8 ಗಂಟೆ ಉರಿಸಿದರೆ ತಿಂಗಳಿಗೆ 5 ಯೂನಿಟ್ ವಿದ್ಯುತ್ತು ಸಾಕು. ಪ್ರತಿದಿನ ಒಂದೇ ಹೊತ್ತಿಗೆ ಹಚ್ಚಿ ಆರಿಸಬೇಕು. ಬೆಳಕು ಹೆಚ್ಚಿದಷ್ಟೂ ಒಳ್ಳೆಯದೆಂದು 12 ಗಂಟೆ ಉರಿಸಿದರೆ ಗಿಡಕ್ಕಿಂತ ಪಾಚಿಗೆ ಲಾಭ.

ಇಂಗಾಲದ ಡೈಆಕ್ಸೈಡ್

ಗಾಳಿಯಿಂದ ತಾನಾಗಿ ನೀರಿಗೆ ಸೇರುವ ಇಂಗಾಲದ ಡೈಆಕ್ಸೈಡ್ ಲೀಟರಿಗೆ 1 ಮಿ.ಗ್ರಾಂ. ಕೂಡ ಇರುವುದಿಲ್ಲ. ಮೇಲಾಗಿ ಈ ಅನಿಲ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಕೆಂಪು ರೊಟಾಲಾ ಚೆನ್ನಾಗಿ ಬೆಳೆಯಲು 20ರಿಂದ 30 ಮಿ.ಗ್ರಾಂ. ಬೇಕು. ಸಿಲಿಂಡರ್ ಕೊಳ್ಳುವ ಮೊದಲು ಸಕ್ಕರೆ ಮತ್ತು ಈಸ್ಟಿನ ಸರಳ ವಿಧಾನವನ್ನು ಪ್ರಯತ್ನಿಸಬಹುದು.

2 ಲೀಟರಿನ ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಯಲ್ಲಿ 200 ಗ್ರಾಂ ಸಕ್ಕರೆ, ಕಾಲು ಚಮಚ ಈಸ್ಟ್ ಹಾಕಿ, ಉಗುರು ಬೆಚ್ಚಗಿನ ನೀರನ್ನು ಮುಕ್ಕಾಲು ಭಾಗಕ್ಕೆ ತುಸು ಕಡಿಮೆ ತುಂಬಬೇಕು. ಮುಚ್ಚಳದಲ್ಲಿ ರಂಧ್ರ ಮಾಡಿ ಸಣ್ಣ ಕೊಳವೆ ಕೂಡಿಸಬೇಕು. ನೊರೆ ತೊಟ್ಟಿಗೆ ಬಾರದಂತೆ ನಡುವೆ ಅರ್ಧ ನೀರು ತುಂಬಿದ ಇನ್ನೊಂದು ಚಿಕ್ಕ ಬಾಟಲಿ ಇಟ್ಟು, ಅಲ್ಲಿಂದ ಕೊಳವೆಯನ್ನು ತೊಟ್ಟಿಯ ತಳಕ್ಕೆ ಒಯ್ದು, ಗುಳ್ಳೆ ಸಣ್ಣದಾಗುವಂತೆ ಗಾಳಿಕಲ್ಲು ಜೋಡಿಸಬೇಕು. ಸುಮಾರು ಎರಡು ವಾರ ಅನಿಲ ಬರುತ್ತದೆ. ಬೇಸಿಗೆಯಲ್ಲಿ ಬೇಗ ಮುಗಿಯುತ್ತದೆ.

ಗಾಜಿನ ಬಾಟಲಿಯನ್ನು ಎಂದೂ ಬಳಸಬಾರದು. ಕೊಳವೆ ಕಟ್ಟಿಕೊಂಡರೆ ಒತ್ತಡ ಏರಿ ಬಾಟಲಿ ಸಿಡಿಯಬಹುದು. ಆದುದರಿಂದ ಗುಳ್ಳೆ ಬರುತ್ತಿದೆಯೇ ಎಂದು ದಿನವೂ ನೋಡಬೇಕು. ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಅನಿಲ ಎಷ್ಟಿದೆಯೆಂದು ತಿಳಿಯಲು ಡ್ರಾಪ್ ಚೆಕರ್ ಎಂಬ ಪುಟ್ಟ ಬುರುಡೆ ಅಂಗಡಿಗಳಲ್ಲಿ ಸಿಗುತ್ತದೆ. ಅದರೊಳಗಿನ ದ್ರಾವಣ ನೀಲಿಯಿದ್ದರೆ ಅನಿಲ ಸಾಲದು, ಹಸಿರಿದ್ದರೆ ಸರಿ, ಹಳದಿಯಿದ್ದರೆ ಅತಿಯಾಯಿತು. ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದರೆ ತಡಮಾಡದೆ ಕೊಳವೆ ತೆಗೆದು ಗಾಳಿಪಂಪು ಹಚ್ಚಬೇಕು. ರಾತ್ರಿ ಗಿಡಗಳೂ ಆಮ್ಲಜನಕವನ್ನೇ ಬಳಸುವುದರಿಂದ ದೀಪ ಆರಿದ ಮೇಲೆ ಗಾಳಿಪಂಪು ಓಡಿಸುವುದು ಕ್ಷೇಮ.

ಗೊಬ್ಬರ

ಹನಿ ನೀರಾವರಿ ಮಾಡುವವರ ಮನೆಯಲ್ಲಿ ನೀರಿನಲ್ಲಿ ಕರಗುವ ಗೊಬ್ಬರಗಳು ಇದ್ದೇ ಇರುತ್ತವೆ. ದುಬಾರಿ ಬಾಟಲಿಯ ಬದಲು ಅವನ್ನೇ ಬಳಸಬಹುದು. 50 ಲೀಟರ್ ನೀರಿಗೆ ಪ್ರಮಾಣ ಹೀಗಿದೆ:

1. 13:0:45 (ಪೊಟ್ಯಾಸಿಯಂ ನೈಟ್ರೇಟ್) 10 ಗ್ರಾಂ. ಅನ್ನು 200 ಮಿ.ಲೀ. ನೀರಿನಲ್ಲಿ ಕರಗಿಸಿ, ವಾರಕ್ಕೆ 10 ಮಿ.ಲೀ. ಇದರಿಂದ ಲೀಟರಿಗೆ ಸುಮಾರು 6 ಮಿ.ಗ್ರಾಂ. ನೈಟ್ರೇಟ್ ಸೇರುತ್ತದೆ.

2. 0:52:34 (ಮೋನೋ ಪೊಟ್ಯಾಸಿಯಂ ಫಾಸ್ಫೇಟ್) 1 ಗ್ರಾಂ. ಅನ್ನು ಬೇರೆ ಬಾಟಲಿಯಲ್ಲಿ 200 ಮಿ.ಲೀ. ನೀರಿನಲ್ಲಿ ಕರಗಿಸಿ, ವಾರಕ್ಕೆ 10 ಮಿ.ಲೀ.

3. ಶೇ. 11 ಕಬ್ಬಿಣವಿರುವ ಡಿ.ಟಿ.ಪಿ.ಎ. ಚಿಲೇಟ್ 2 ಗ್ರಾಂ. ಅನ್ನು 200 ಮಿ.ಲೀ. ನೀರಿನಲ್ಲಿ ಕರಗಿಸಿ, ವಾರಕ್ಕೆ 10 ಮಿ.ಲೀ. ಇದನ್ನು ಎರಡು ಕಂತಾಗಿ, ರಂಜಕ ಹಾಕದ ದಿನ ಕೊಡಬೇಕು. ಎರಡೂ ಕೂಡಿದರೆ ಕಬ್ಬಿಣ ಮಡ್ಡಿಯಾಗಿ ತಳ ಸೇರುತ್ತದೆ.

ಸುಣ್ಣದ ಹೊಲಗಳಿಗೆ ಬಳಸುವ ಇ.ಡಿ.ಡಿ.ಎಚ್.ಎ. ಕಬ್ಬಿಣ ಹೆಚ್ಚಿನ ರಸಸಾರದಲ್ಲಿಯೂ ಕೆಲಸ ಮಾಡುತ್ತದೆ, ಆದರೆ ನೀರನ್ನೇ ಕೆಂಪಗೆ ಮಾಡುತ್ತದೆ. ಯೂರಿಯಾ, ಡಿ.ಎ.ಪಿ., 19:19:19 ಇವುಗಳನ್ನು ತೊಟ್ಟಿಗೆ ಹಾಕಲೇಬಾರದು. ಅವುಗಳಿಂದ ಹುಟ್ಟುವ ಅಮೋನಿಯಾ ಮೀನುಗಳನ್ನು ಕೊಲ್ಲುತ್ತದೆ, ಪಾಚಿಯನ್ನು ಹೆಚ್ಚಿಸುತ್ತದೆ. ಸಾರಜನಕ ಹೆಚ್ಚಾದರೆ ಹತ್ತಿಯಂತೆಯೇ ಇದೂ ಸೊಕ್ಕಿ ಹಸಿರಾಗುತ್ತದೆ. ಮಿತವಾಗಿದ್ದಾಗ ಕೆಂಪು ನಿಲ್ಲುತ್ತದೆ.

ನಾಟಿ ಮತ್ತು ಆರೈಕೆ

ಹೊಸ ತೊಟ್ಟಿಗೆ ರೊಟಾಲಾವನ್ನು ಕೂಡಲೇ ನೆಡಬಾರದು. ಮೊದಲ ನಾಲ್ಕರಿಂದ ಆರು ವಾರ ಹೈಡ್ರಿಲ್ಲಾದಂಥ ಬೇಗ ಬೆಳೆಯುವ ಗಿಡ ನೆಟ್ಟು ನೀರು ಹದಕ್ಕೆ ಬರಲು ಬಿಡಬೇಕು. ಆಮೇಲೆ ಇದೇ ಜಾತಿಯ, ಸ್ವಲ್ಪ ಸುಲಭವಾದ ರೊಟಾಲಾ ರೊಟಂಡಿಫೋಲಿಯಾವನ್ನು ನೆಟ್ಟು ನೋಡಬೇಕು. ಅದು ತುದಿಯಲ್ಲಿ ಗುಲಾಬಿ ಬಣ್ಣ ತೋರಿದರೆ ಕೆಂಪು ರೊಟಾಲಾಕ್ಕೆ ತೊಟ್ಟಿ ಸಿದ್ಧವಾಯಿತೆಂದು ತಿಳಿಯಬಹುದು.

8ರಿಂದ 10 ಸೆಂ.ಮೀ. ಉದ್ದದ ಕುಡಿಗಳನ್ನು ಹರಿತವಾದ ಕತ್ತರಿಯಿಂದ ಕತ್ತರಿಸಿ, ಕೆಳಗಿನ ಎರಡು ಗೆಣ್ಣಿನ ಎಲೆ ತೆಗೆದು, ಚಿಮಟದಿಂದ ಒಂದೊಂದನ್ನೇ 3 ಸೆಂ.ಮೀ. ಅಂತರದಲ್ಲಿ ನೆಡಬೇಕು. ಅಂಗಡಿಯ ಕಟ್ಟನ್ನು ಹಾಗೆಯೇ ಊರಿದರೆ ನಡುವಿನ ಕಾಂಡಗಳು ಕೊಳೆಯುತ್ತವೆ. ಗಿಡ ನೀರಿನ ಮಟ್ಟ ಮುಟ್ಟಿದಾಗ ತುದಿ ಕತ್ತರಿಸಿ ಮರು ನಾಟಿ ಮಾಡಬೇಕು. ವಾರಕ್ಕೊಮ್ಮೆ ಮೂರನೆಯ ಒಂದು ಭಾಗ, ಅಂದರೆ ಸುಮಾರು 16 ಲೀಟರ್ ನೀರು ತೆಗೆದು, ಮಳೆ ನೀರು 12 ಲೀಟರ್, ಬಾವಿಯ ನೀರು 4 ಲೀಟರ್ ಬೆರೆಸಿ ತುಂಬಬೇಕು. ಬಾವಿಯ ನೀರು 400 ಮಿ.ಗ್ರಾಂ. ಇದ್ದಾಗಿನ ಲೆಕ್ಕ ಇದು. ಗಡಸುತನಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು. ತೆಗೆದ ನೀರನ್ನು ಕರಿಬೇವು, ಮಲ್ಲಿಗೆ ಗಿಡಗಳಿಗೆ ಹಾಕಬಹುದು.

ಬೇಸಿಗೆಯ ಕಾವು

ಈ ಗಿಡಕ್ಕೆ 22ರಿಂದ 28 ಡಿಗ್ರಿ ಸೆ. ಹಿತ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನ ಉಷ್ಣತೆ 40 ಡಿಗ್ರಿ ದಾಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿ.ಗ್ರಾಂ. ಹಿಡಿಯುವ ನೀರು 35 ಡಿಗ್ರಿಯಲ್ಲಿ 7 ಮಿ.ಗ್ರಾಂ. ಮಾತ್ರ ಹಿಡಿಯುತ್ತದೆ. ನೀರಿನ ಮೇಲೆ ಸಣ್ಣ ಫ್ಯಾನ್ ಗಾಳಿ ಹಾಯಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ದೀಪವನ್ನು ಮಧ್ಯಾಹ್ನ ಬಿಟ್ಟು ಸಂಜೆಯಿಂದ ರಾತ್ರಿಯವರೆಗೆ ಹಚ್ಚುವುದು, ತೊಟ್ಟಿಯನ್ನು ದಪ್ಪ ಕಲ್ಲುಗೋಡೆಯ ಕೋಣೆಯಲ್ಲಿಡುವುದು ಉಪಯುಕ್ತ. ಹೊಸ ತೊಟ್ಟಿಯನ್ನು ಬೇಸಿಗೆಯಲ್ಲಿ ಆರಂಭಿಸಬಾರದು. ಮಳೆ ನೀರು ಕೂಡಿಟ್ಟುಕೊಂಡು ಸೆಪ್ಟೆಂಬರಿನಲ್ಲಿ ಆರಂಭಿಸಿದರೆ ಗಿಡಕ್ಕೆ ಐದಾರು ತಿಂಗಳ ತಂಪು ಸಿಗುತ್ತದೆ.

ಚಿಹ್ನೆ ಮತ್ತು ಕಾರಣ

ಕುಡಿ ಮುರುಟಿ ಬೆಳವಣಿಗೆ ನಿಂತರೆ: ನೀರಿನಲ್ಲಿ ಸುಣ್ಣ ಹೆಚ್ಚು, ಇಲ್ಲವೆ ಅನಿಲ ಸಾಲದು.
ಎಳೆ ಎಲೆ ಬಿಳಿಚಿದರೆ: ಕಬ್ಬಿಣ ಸಿಗುತ್ತಿಲ್ಲ, ರಸಸಾರ ನೋಡಬೇಕು.
ಕೆಳಗಿನ ಎಲೆ ಉದುರಿದರೆ: ಬೆಳಕು ಕೆಳಗೆ ತಲುಪುತ್ತಿಲ್ಲ, ಗಿಡ ತೆಳುವು ಮಾಡಬೇಕು.
ಹಳೆಯ ಎಲೆ ಹಳದಿಯಾದರೆ: ಸಾರಜನಕ ತೀರ ಕಡಿಮೆ.
ಎಲೆಯಂಚಿಗೆ ಪಾಚಿ ಹತ್ತಿದರೆ: ಅನಿಲ ಏರುಪೇರಾಗುತ್ತಿದೆ, ಇಲ್ಲವೆ ದೀಪದ ಹೊತ್ತು ಹೆಚ್ಚಾಗಿದೆ.

ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಹತ್ತು ದಿನ ಕಾಯಬೇಕು. ಕೆಟ್ಟ ಹಳೆಯ ಎಲೆ ಮತ್ತೆ ಸರಿಹೋಗದು. ಹೊಸ ಎಲೆಯನ್ನು ನೋಡಿ ತೀರ್ಮಾನಿಸಬೇಕು.

ಉಪಕಸುಬು ಮಾಡುವವರಿಗೆ

ಮಾರಾಟಕ್ಕೆ ಬೆಳೆಸುವವರು ನೀರಿನಾಚೆಯ ವಿಧಾನ ಅನುಸರಿಸಬೇಕು. ಇದು ಸಸಿಮಡಿಯ ಕೆಲಸದಂತೆಯೇ. ಆಳವಿರುವ ತಟ್ಟೆಗಳಲ್ಲಿ 5 ಸೆಂ.ಮೀ. ಮಸಾರಿ ಮಣ್ಣು ತುಂಬಿ, ಕೆಸರಾಗುವಷ್ಟು ಮಳೆ ನೀರು ಹಾಕಿ, ಕುಡಿಗಳನ್ನು ಊರಿ, ಪಾಲಿಥೀನ್ ಹಾಳೆ ಹೊದಿಸಿ ನೆರಳು ಪರದೆಯ ಕೆಳಗಿಡಬೇಕು. ತೇವದ ಗಾಳಿ ಕಡಿಮೆಯಾದ ಕೂಡಲೇ ಗಿಡ ಬಾಡುವುದರಿಂದ ಜೂನ್‌ನಿಂದ ಜನವರಿಯವರೆಗಿನ ಕಾಲ ಇದಕ್ಕೆ ತಕ್ಕದ್ದು. ಕತ್ತರಿಸಿದ ಕುಡಿಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ಗಾಳಿ ತುಂಬಿದ ಪಾಲಿಥೀನ್ ಚೀಲದಲ್ಲಿಟ್ಟು, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕಳುಹಿಸಬೇಕು.

ಕೊಳ್ಳುವವರು ಇರುವುದು ಹೈದರಾಬಾದು, ಬೆಂಗಳೂರುಗಳಂಥ ನಗರಗಳಲ್ಲಿ. ಯಾದಗಿರಿಯಿಂದ ರೈಲು ಸೌಕರ್ಯವಿದ್ದರೂ ಮಾರುಕಟ್ಟೆ ಚಿಕ್ಕದು, ಅಂಗಡಿಯವರು ಕಟ್ಟುನಿಟ್ಟು. ಒಂದು ತೊಟ್ಟಿಯಲ್ಲಿ ಒಂದು ಪೂರ್ಣ ವರ್ಷ, ಬೇಸಿಗೆಯೂ ಸೇರಿ, ಗಿಡ ಉಳಿಸಿಕೊಂಡ ಮೇಲೆಯೇ ಹೆಚ್ಚಿನ ಬಂಡವಾಳದ ಮಾತು. ಎರಡು ಮೂರು ಅಂಗಡಿಗಳಿಗೆ ಮಾದರಿ ಕಳುಹಿಸಿ, ಎಷ್ಟು ಕಟ್ಟು, ಯಾವ ದರ ಎಂಬುದನ್ನು ಬರಹದಲ್ಲಿ ಪಡೆಯುವವರೆಗೆ ಸಾಲ ಮಾಡಿ ಶೆಡ್ಡು ಕಟ್ಟಬಾರದು.

ಕೆರೆ ಕಾಲುವೆಗೆ ಬಿಡಬೇಡಿ

ತೊಟ್ಟಿಯ ಗಿಡ, ಮೀನು, ಬಸವನಹುಳು ಯಾವುದನ್ನೂ ಕೆರೆಗೆ, ಹಳ್ಳಕ್ಕೆ, ಕಾಲುವೆಗೆ ಎಸೆಯಬಾರದು. ಅಂದಕ್ಕೆಂದು ದಕ್ಷಿಣ ಅಮೆರಿಕದಿಂದ ಬಂದ ನೀರು ಹಯಸಿಂತ್ ನಮ್ಮ ಎಷ್ಟೋ ಕೆರೆಗಳನ್ನು ಮುಚ್ಚಿಹಾಕಿದೆ. ಅದೇ ಖಂಡದ ಸಾಲ್ವೀನಿಯಾ ಕಳೆಯನ್ನು ಬೆಂಗಳೂರಿನ ತಾವರೆ ಕೊಳವೊಂದರಲ್ಲಿ ಹತೋಟಿಗೆ ತರಲು 1983-84ರಲ್ಲಿ ಹೊರದೇಶದ ಮೂತಿಹುಳುವನ್ನು ತಂದು ಬಿಡಬೇಕಾಯಿತು. ಸುರಪುರದ ಬಳಿಯ ಬೋನಾಳ ಕೆರೆಗೆ ವಲಸೆ ಹಕ್ಕಿಗಳು ಬರುತ್ತವೆ. ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರು ನೀರಿಗಾಗಿ ಕಾಯುತ್ತಾರೆ. ಅಲ್ಲಿ ಹೊಸ ಕಳೆಯೊಂದು ಬೇರೂರಿದರೆ ತೆಗೆಯುವ ಕೆಲಸ ಎಲ್ಲರ ಹೆಗಲಿಗೆ ಬೀಳುತ್ತದೆ. ಕತ್ತರಿಸಿದ ಚೂರುಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ತಿಪ್ಪೆಗೆ ಹಾಕಬೇಕು. ಹಾಗೆಯೇ ಕಾಡಿನ, ಘಟ್ಟದ ನೆಲೆಗಳಿಂದ ಈ ಗಿಡಗಳನ್ನು ಕಿತ್ತು ತರಬಾರದು. ಸಸ್ಯಕ್ಷೇತ್ರದಲ್ಲಿ ಬೆಳೆಸಿದ್ದನ್ನೇ ಕೊಳ್ಳಬೇಕು.

ಕೊನೆಯದಾಗಿ, ಖರ್ಚಿನ ಕ್ರಮವನ್ನು ನೆನಪಿಡಬೇಕು. ಮೊದಲು ನೀರಿನ ಪರೀಕ್ಷೆ, ಅನಂತರ ಮಳೆ ನೀರಿನ ಟ್ಯಾಂಕು, ಆಮೇಲೆ ತೊಟ್ಟಿ ಮತ್ತು ದೀಪ, ಅದಾದ ಮೇಲೆ ಅನಿಲ, ಎಲ್ಲಕ್ಕೂ ಕೊನೆಗೆ ಗಿಡ. ಈ ವರ್ಷ ತೊಟ್ಟಿ ಬೇಡವೆನಿಸಿದರೂ ಮೊದಲಿನ ಎರಡು ಕೆಲಸ ವ್ಯರ್ಥವಾಗುವುದಿಲ್ಲ. ಬಾವಿಯ ನೀರಿನ ಗುಣ ತಿಳಿದಿದ್ದರೆ ಹೊಲದ ಶೇಂಗಾಕ್ಕೂ, ಹನಿ ನೀರಾವರಿಯ ದಾಳಿಂಬೆಗೂ ಅದು ಬೇಕಾದ ಮಾಹಿತಿಯೇ ಆಗಿದೆ.